ಸೀಟಿನಿಂದ ಇಳಿಯಲು ಹತ್ತು ನಿಮಿಷ

ಓದುಗರ ಪತ್ರ: ಹತ್ತೊಂಬತ್ತು ವರ್ಷದಿಂದ ದೂರದ ಟ್ರಿಪ್‌ಗಳಲ್ಲಿ ಲಾರಿ ಓಡಿಸುತ್ತಿದ್ದೇನೆ. ಕಳೆದ ತಪಾಸಣೆಯಲ್ಲಿ ಬಿ.ಪಿ. 152/96 ಬಂತು. ಕೊಟ್ಟ ಮಾತ್ರೆ ನುಂಗಿದರೆ ಪದೇ ಪದೇ ಮೂತ್ರಕ್ಕೆ ನಿಲ್ಲಿಸಬೇಕಾಗುತ್ತದೆ, ಹಾಗಾಗಿ ಟ್ರಿಪ್ ಇರುವ ದಿನ ಬಿಟ್ಟುಬಿಡುತ್ತೇನೆ. ಕರಿದದ್ದು ತಿನ್ನುವುದನ್ನು ನಿಲ್ಲಿಸಿದ್ದೇನೆ. ಹೃದಯಕ್ಕೆ ಇಷ್ಟು ಸಾಲದೇ? (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ:

ಮಾನ್ಯರೇ,

ಕರಿದದ್ದು ಬಿಟ್ಟದ್ದು ಒಳ್ಳೆಯದಾಯಿತು. ಉಪ್ಪನ್ನೂ ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚದೊಳಗೆ ತನ್ನಿ; ಪೊಟ್ಟಣದ ತಿಂಡಿಯಲ್ಲಿರುವ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ. ಊಟದ ಮಾತು ಇಷ್ಟು ಸಾಕು. ಚಾಲಕರ ಹೃದಯದ ಪ್ರಸ್ತಾಪ ಬಂದಾಗಲೆಲ್ಲ ಜನ ಅವರ ತಟ್ಟೆಯನ್ನೇ ಇಣುಕುತ್ತಾರೆ. ಅವರು ಕೂತ ಸೀಟನ್ನು ನೋಡುವವರು ಕಡಿಮೆ.

ಸೀಟನ್ನು ನೋಡಿದ ಒಬ್ಬರಿದ್ದರು, ಬ್ರಿಟನ್ನಿನ ವೈದ್ಯ ಸಂಶೋಧಕ ಜೆರ್ರಿ ಮಾರಿಸ್. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ 1953ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಇಂದಿಗೂ ಓದತಕ್ಕದ್ದು. ಒಂದೇ ಬಸ್ಸು, ಒಂದೇ ಪಾಳಿ. ಒಬ್ಬರು ದಿನವಿಡೀ ಕೂತಿರುತ್ತಿದ್ದರು, ಇನ್ನೊಬ್ಬರು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಹೃದ್ರೋಗ ಚಾಲಕರಲ್ಲೇ ಹೆಚ್ಚು ಕಂಡಿತು. ಚಾಲಕರ ಸಮವಸ್ತ್ರದ ಸೊಂಟದಳತೆ ಮೊದಲಿನಿಂದಲೇ ದೊಡ್ಡದಿತ್ತೆಂದು 1956ರಲ್ಲಿ ಮಾರಿಸ್ ತಂಡವೇ ತೋರಿಸಿತು, ಹಾಗಾಗಿ ಎಲ್ಲ ತಪ್ಪನ್ನೂ ಸೀಟಿನ ಮೇಲೆ ಹೊರಿಸಲಾಗದು. ಆದರೂ ಕೂತಲ್ಲೇ ಕೂತಿರುವುದು ಹೃದಯಕ್ಕೆ ಕೇಡು ಎಂಬ ಅರಿವಿನ ದಾರಿ ಶುರುವಾದದ್ದು ಆ ಬಸ್ಸುಗಳಿಂದಲೇ.

ಮೀನಖಂಡದ ಸ್ನಾಯು ಕಾಲಿನ ರಕ್ತವನ್ನು ಮೇಲಕ್ಕೆ ದಬ್ಬುವ ಪಂಪು. ಆಕ್ಸಿಲರೇಟರಿನ ಮೇಲೆ ಕಾಲಿಟ್ಟು ನಾಲ್ಕೈದು ಗಂಟೆ ಕೂತರೆ ಅದು ಕೆಲಸವನ್ನೇ ಮಾಡುವುದಿಲ್ಲ; ಕಾಲು ಊದುವುದು, ರಕ್ತ ಹೆಪ್ಪುಗಟ್ಟುವುದು ಹೀಗೆಯೇ. ಎರಡು ಗಂಟೆಗೊಮ್ಮೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಇಳಿಯಿರಿ. 20 ಮೀಟರ್ ಉದ್ದದ ಗಾಡಿಯನ್ನು ಒಂದು ಮೀಟರ್ ದೂರದಿಂದ ಸುತ್ತಿದರೆ 50 ಮೀಟರಿಗೆ ಸ್ವಲ್ಪ ಹೆಚ್ಚು. ಹತ್ತೊಂಬತ್ತು ಸುತ್ತಿಗೆ ಒಂದು ಕಿಲೋಮೀಟರ್, ಚುರುಕಾಗಿ ನಡೆದರೆ ಹತ್ತು ಹನ್ನೆರಡು ನಿಮಿಷ. ಮಾತಾಡಲಾಗಬೇಕು, ಹಾಡಲಾಗಬಾರದು, ಅದೇ ವೇಗ. ದಿನಕ್ಕೆ ಮೂರು ಸಲ, ವಾರಕ್ಕೆ ಐದು ದಿನ ಹೀಗೆ ನಡೆದರೆ ವೈದ್ಯರು ಹೇಳುವ 150 ನಿಮಿಷ ತುಂಬುತ್ತದೆ. ಒಂದು ಸಲವಾದರೂ ಊಟವಾದ ಮೇಲೆ ನಡೆಯಿರಿ, ಸಕ್ಕರೆ ಏರುವುದೂ ತಗ್ಗುತ್ತದೆ.

ಇನ್ನು ಬಿ.ಪಿ. ಓಡಿ ಬಿಸಿಯಾದ ಟೈರಿನ ಗಾಳಿಯನ್ನು ಅಳೆದರೆ ಹೆಚ್ಚು ತೋರಿಸುತ್ತದೆಂದು ನಿಮಗೆ ಹೇಳಿಕೊಡಬೇಕಿಲ್ಲ. ರಕ್ತದೊತ್ತಡವನ್ನೂ ತಣ್ಣಗಾದ ಮೇಲೆಯೇ ಅಳೆಯಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಮೂತ್ರ ಮಾಡಿ ಬನ್ನಿ, ಕಟ್ಟಿಕೊಂಡಿದ್ದರೆ ಅಂಕಿ ಏರುತ್ತದೆ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕೂತು, ತೋಳನ್ನು ಎದೆಯ ಮಟ್ಟಕ್ಕಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಬೆಳಿಗ್ಗೆ, ಸಂಜೆ, ಏಳು ದಿನ ಬರೆದಿಡಿ. ಸರಾಸರಿ 135/85 ದಾಟಿದ್ದರೆ ಒತ್ತಡ ನಿಜಕ್ಕೂ ಹೆಚ್ಚಿದೆ.

ಮಾತ್ರೆಯ ವಿಷಯದಲ್ಲಿ ಮಾತ್ರ ನಿಮ್ಮನ್ನು ಗದರಲೇಬೇಕು. ಬಿ.ಪಿ. ಮಾತ್ರೆ ಟ್ರಿಪ್ ನೋಡಿ ನುಂಗುವಂಥದ್ದಲ್ಲ. ಮೆಟೊಪ್ರೊಲಾಲ್‌ನಂಥವನ್ನು ಥಟ್ಟನೆ ನಿಲ್ಲಿಸಿದರೆ ಹೃದಯಾಘಾತವೇ ಆಗಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲವೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಹೊತ್ತು ಬದಲಿಸಬಹುದು, ಇಲ್ಲವೇ ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್‌ನಂಥ ಬೇರೆ ಬಗೆಯ ಮಾತ್ರೆ ಕೊಡಬಹುದು. ಬೆನ್ನುನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುತ್ತಿದ್ದರೆ ಅದನ್ನೂ ತಿಳಿಸಿ. ಅವು ಒತ್ತಡ ಏರಿಸುತ್ತವೆ, ಬಿ.ಪಿ. ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಮಾತ್ರೆಗಳನ್ನು ಡ್ಯಾಶ್‌ಬೋರ್ಡಿನ ಬಿಸಿಲಲ್ಲಿ ಇಡಬೇಡಿ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಅಂತೂ ಶಾಖಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಜೋರಾಗಿ ಗೊರಕೆ ಹೊಡೆಯುತ್ತೀರಾ? ಕತ್ತಿನ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚಿದೆಯೇ? ಹಾಗಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆ ಪರೀಕ್ಷೆ ಮಾಡಿಸಿ. ಮಾತ್ರೆಗೂ ಜಗ್ಗದ ಬಿ.ಪಿ.ಯ ಹಿಂದೆ ಎಷ್ಟೋ ಸಲ ಅದೇ ಇರುತ್ತದೆ, ಹಗಲಲ್ಲಿ ಸ್ಟೇರಿಂಗ್ ಮೇಲೆ ತೂಕಡಿಸುವುದರ ಹಿಂದೆಯೂ. ಎದೆ ಬಿಗಿದು, ನೋವು ದವಡೆಗೋ ತೋಳಿಗೋ ಹರಿದು, ತಣ್ಣನೆ ಬೆವರು ಬಂದರೆ ಪಕ್ಕಕ್ಕೆ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ ಆಂಬುಲೆನ್ಸ್ ಕರೆಯಿರಿ. ಆಸ್ಪತ್ರೆಗೆ ನೀವೇ ಓಡಿಸಿಕೊಂಡು ಹೋಗಬೇಡಿ.

ಇಷ್ಟೆಲ್ಲ ಬರೆಯುವಾಗಲೂ ಒಂದು ಮಾತು ಕೊರೆಯುತ್ತದೆ. ಗೋದಾಮಿನ ಗೇಟಿನಲ್ಲಿ ಆರು ಗಂಟೆ ಕಾಯಿಸಿ, ಕಳೆದುಹೋದ ಹೊತ್ತನ್ನು ರಸ್ತೆಯಲ್ಲಿ ಸರಿದೂಗಿಸಿಕೊಳ್ಳಿ ಎನ್ನುವವರಿಗೆ ಯಾವ ವೈದ್ಯರೂ ಚೀಟಿ ಬರೆಯುವುದಿಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಇಳಿದು ನಡೆದ ಹತ್ತು ನಿಮಿಷ ಚಾಲಕರ ಜೇಬಿನಿಂದಲೇ ಹೋಗುತ್ತದೆ. ಶೀತಲ ಗಾಡಿಯ ಸರಕಿನ ತಾಪಮಾನ ದಾರಿಯುದ್ದಕ್ಕೂ ದಾಖಲಾಗುತ್ತದೆ, ಓಡಿಸುವವರಿಗೆ ಮಾತ್ರ ಗೇಟಿನ ಬಳಿ ಒಂದು ಶೌಚಾಲಯವೂ ಇರುವುದಿಲ್ಲ. ನೀವು ಮಾತ್ರೆ ಬಿಟ್ಟದ್ದು ಸೋಮಾರಿತನದಿಂದಲ್ಲ, ನಿಲ್ಲಿಸಲು ಜಾಗವಿಲ್ಲದೆ. ಇದನ್ನು ನಿಮ್ಮ ಮಾಲೀಕರಿಗೂ ಓದಲು ಕೊಡಿ. ಏಳು ದಿನದ ಅಂಕಿಗಳೊಂದಿಗೆ ವೈದ್ಯರನ್ನು ಕಂಡು ಬಂದ ಮೇಲೆ ನಮಗೆ ಮತ್ತೆ ಬರೆಯಿರಿ.