ಹ್ಯಾಂಬರ್ಗ್‌ನ ಪಿಎಚ್‌ಡಿ ಕುರಿತು ಬದಿಯಡ್ಕದ ತಂಗಿಗೆ

ತಂಗೀ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿದ ನಿಮಗೆ ಹ್ಯಾಂಬರ್ಗ್‌ನ ಎರಡು ಲ್ಯಾಬ್‌ಗಳಿಂದ ಕರೆ ಬಂದಿದೆ ಎಂದು ತಿಳಿದು, ಜರ್ಮನಿಯ ಈ ಊರಿನಲ್ಲಿರುವ ನನಗೆ ಸಂತೋಷವಾಯಿತು. ಡಿಎನ್‌ಎಗೆ ಅಂಟಿಕೊಳ್ಳುವ ಪ್ರೊಟೀನುಗಳ ಹರಳು ಬೆಳೆಸಿ, ಅದಕ್ಕೆ ಎಕ್ಸ್-ರೇ ಹಾಯಿಸಿ ರಚನೆ ಕಂಡುಹಿಡಿಯುವ ಲ್ಯಾಬ್ ಒಂದು, ಕಂಪ್ಯೂಟರಿನಲ್ಲೇ ಅವುಗಳ ರಚನೆಯನ್ನು ಊಹಿಸುವ ಲ್ಯಾಬ್ ಇನ್ನೊಂದು. ಯಾವುದಕ್ಕೆ ಸೇರಲಿ, ಅಲ್ಲಿನ ಬದುಕು ಹೇಗೆ ಎಂದು ಕೇಳಿದ್ದೀರಿ.

ಬದುಕಿನ ವಿಷಯ ಬೇಗ ಮುಗಿಯುತ್ತದೆ. ಲ್ಯಾಬ್‌ನಲ್ಲಿ ಇಂಗ್ಲಿಷ್ ಸಾಕು. ಮನೆಯ ಮಾಲೀಕರ ಬಳಿ ಮತ್ತು ತೆರಿಗೆ ಕಚೇರಿಯಲ್ಲಿ ಜರ್ಮನ್ ಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಸರಗೋಡಿನ ಬಸ್ಸಿನಲ್ಲಿ ಮಲಯಾಳ ಮಾತನಾಡುತ್ತ ಬೆಳೆದವರಿಗೆ ಅದು ಕಷ್ಟವಲ್ಲ. ಆಟಿ ತಿಂಗಳ ಜಡಿಮಳೆ ಕಂಡವರಿಗೆ ಇಲ್ಲಿಯ ಜಿಟಿಜಿಟಿ ಮಳೆ ಲೆಕ್ಕಕ್ಕಿಲ್ಲ, ಆದರೆ ಡಿಸೆಂಬರಿನಲ್ಲಿ ಸಂಜೆ 4 ಗಂಟೆಗೇ ಕತ್ತಲಾಗುವುದು ಮೊದಲ ವರ್ಷ ಮನಸ್ಸನ್ನು ಕುಗ್ಗಿಸುತ್ತದೆ.

ಲ್ಯಾಬ್‌ನ ಆಯ್ಕೆಯನ್ನು ಮಾತ್ರ ನಿಧಾನವಾಗಿ ಯೋಚಿಸಿ. ಪ್ರೊಟೀನಿನ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ಪ್ರೋಗ್ರಾಮು ಬಂದ ಮೇಲೆ, ಅದರಲ್ಲೂ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದನ್ನು ರೂಪಿಸಿದ ಹಸ್ಸಾಬಿಸ್ ಮತ್ತು ಜಂಪರ್ ಅವರಿಗೂ ಪಾಲು ಸಿಕ್ಕಿದ ಮೇಲೆ, ಇನ್ನು ಹರಳು ಬೆಳೆಸುವುದು ಏತಕ್ಕೆ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಆದರೆ ಆ ಪ್ರೋಗ್ರಾಮು ಕಲಿತದ್ದೇ 1971ರಿಂದ ಪ್ರೊಟೀನ್ ಡೇಟಾ ಬ್ಯಾಂಕಿನಲ್ಲಿ ಕೂಡಿಬಂದ, ಪ್ರಯೋಗದಿಂದ ಸಿಕ್ಕಿದ ರಚನೆಗಳಿಂದ. ಪ್ರೊಟೀನು ಮುಟ್ಟಿದಾಗ ಡಿಎನ್‌ಎ ಎಷ್ಟು ಬಾಗುತ್ತದೆ, ಇವೆರಡರ ನಡುವೆ ಯಾವ ನೀರಿನ ಅಣು ಕುಳಿತಿದೆ ಎಂಬುದನ್ನು ಊಹೆಯ ಮೇಲೆ ಬಿಡಲು ನಾನಂತೂ ಒಪ್ಪುವುದಿಲ್ಲ. ಎರ್ನಾಕುಳಂನಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್ ಮದ್ರಾಸಿನಲ್ಲಿದ್ದುಕೊಂಡು 1963ರಲ್ಲಿ, ಪ್ರೊಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂದು ಲೆಕ್ಕಹಾಕಿ ಕೊಟ್ಟ ನಕ್ಷೆಯ ಮೇಲೆ ಇಂದಿಗೂ ಪ್ರೊಟೀನುಗಳ ರಚನೆಯನ್ನು ತಾಳೆ ನೋಡುತ್ತಾರೆ. ಲೆಕ್ಕವೂ ಪ್ರಯೋಗವೂ ಬೇರೆ ಬೇರೆ ಜಾತಿಗಳಲ್ಲ.

ಹರಳಿನ ಕೆಲಸದಲ್ಲಿ ತಾಳ್ಮೆ ಎಲ್ಲಿ ಬೇಕೆಂದು ಮೊದಲೇ ತಿಳಿದಿರಲಿ. ಪ್ರೊಟೀನನ್ನು ಶುದ್ಧಮಾಡಿದ ಮೇಲೂ ಡಿಎನ್‌ಎ ತುಂಡಿನ ಉದ್ದವೇ ನಿಮ್ಮನ್ನು ತಿಂಗಳುಗಟ್ಟಲೆ ಸತಾಯಿಸುತ್ತದೆ. ಒಂದು ಬೇಸ್ ಜೋಡಿ, ಅಂದರೆ ಡಿಎನ್‌ಎಯ ತಿರುಚಿದ ಏಣಿಯ ಒಂದು ಮೆಟ್ಟಿಲು, ಹೆಚ್ಚಿಸಿದರೆ ತುಂಡು 3.4 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಉದ್ದವಾಗುವುದಷ್ಟೇ ಅಲ್ಲ, ಅದರ ತುದಿ ಸುಮಾರು 34 ಡಿಗ್ರಿ ತಿರುಗಿಬಿಡುತ್ತದೆ. ಹರಳಿನೊಳಗೆ ಅಕ್ಕಪಕ್ಕದ ತುಂಡುಗಳು ಅನೇಕ ವೇಳೆ ತುದಿಗೆ ತುದಿ ಸೇರಿ ಸಾಲುಗಟ್ಟುವುದರಿಂದ, ಆ ಒಂದು ಜೋಡಿಯಿಂದಲೇ ಕೆಟ್ಟ ಹರಳು ಒಳ್ಳೆಯದಾಗಬಹುದು, ಇದ್ದದ್ದೂ ಕೆಡಬಹುದು. ಉಪ್ಪು ಹೆಚ್ಚಾದರೆ ಪ್ರೊಟೀನು ಡಿಎನ್‌ಎಯನ್ನು ಬಿಟ್ಟೇಹೋಗುವ ಸಂಭವವಿದೆ. ಆದ್ದರಿಂದ ಹರಳುಗಟ್ಟಿಸಲು ಉಪ್ಪಿನ ಬದಲು ಹೆಚ್ಚಾಗಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್ ಬಳಸುತ್ತಾರೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಂಥ ನೈಲಾನ್ ಕುಣಿಕೆಯಿಂದ ಹರಳನ್ನು ಎತ್ತಿ, ಅದು ಒಣಗುವ ಮೊದಲೇ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಬೇಕು. ಹರಳಿಗೆ ಹಾಯಿಸುವ ಪ್ರಖರ ಎಕ್ಸ್-ರೇ ಕೊಡುವ ಪೆಟ್ರಾ-3 ಸಿಂಕ್ರೋಟ್ರಾನ್ ಯಂತ್ರ ಹ್ಯಾಂಬರ್ಗ್‌ನಲ್ಲೇ ಇರುವುದು ನಿಮ್ಮ ಪುಣ್ಯ. ನಡುರಾತ್ರಿಯ ಸರದಿ ಸಿಕ್ಕಿದರೂ ಊರು ಬಿಟ್ಟು ಹೋಗಬೇಕಾಗಿಲ್ಲ. ಈ ಕೈಕೆಲಸ ಕಲಿತವರು ಮುಂದೆ ಊಹಿಸುವ ಪ್ರೋಗ್ರಾಮನ್ನೂ ಕಲಿಯಬಲ್ಲರು, ಅದನ್ನೇ ಕಲಿತು ಆಮೇಲೆ ಹರಳಿನ ಬೆಂಚಿಗೆ ಬಂದವರನ್ನು ನಾನು ಕಂಡದ್ದು ಕಡಿಮೆ. ಮೊದಲನೆಯ ಲ್ಯಾಬ್‌ಗೇ ಸೇರಿ.

ಸಹಿ ಹಾಕುವ ಮುನ್ನ ಕರಾರನ್ನು ಓದಿ. ಇಲ್ಲಿ ಪಿಎಚ್‌ಡಿಯವರಿಗೆ ಅನೇಕ ಕಡೆ ಪೂರ್ಣ ಹುದ್ದೆಯ ಶೇಕಡಾ 65ರಷ್ಟು ಸಂಬಳವಿರುತ್ತದೆ, ಕೆಲಸ ಮಾತ್ರ ಪೂರ್ತಿ. ವಿಶ್ವವಿದ್ಯಾಲಯದ ತಾತ್ಕಾಲಿಕ ಸಂಶೋಧನಾ ಹುದ್ದೆಗಳಿಗೆ ಪಿಎಚ್‌ಡಿಗೆ ಮೊದಲು 6 ವರ್ಷ, ಅನಂತರ 6 ವರ್ಷ ಎಂಬ ಮಿತಿಯನ್ನು ಕಾನೂನೇ ಸಾಮಾನ್ಯವಾಗಿ ಹಾಕಿದೆ. ಕರಾರು 3 ವರ್ಷದ್ದಾಗಿದ್ದರೆ, ಹರಳು ತಡವಾಗಿ ಬಂದಾಗ ನಾಲ್ಕನೆಯ ವರ್ಷದ ಸಂಬಳ ಯಾವ ಅನುದಾನದಿಂದ ಬರುತ್ತದೆ ಎಂದು ಪ್ರಾಧ್ಯಾಪಕರನ್ನು ಈಗಲೇ ಇಮೇಲಿನಲ್ಲಿ ಕೇಳಿ. ಇಲ್ಲಿ ಹಾಗೆ ಕೇಳುವುದನ್ನು ಯಾರೂ ಅಧಿಕಪ್ರಸಂಗವೆಂದು ಭಾವಿಸುವುದಿಲ್ಲ.