ಹಳದಿ ಹೂವು ಬಿಟ್ಟ ಮಾತ್ರಕ್ಕೆ ಅದು ಡಿಪ್ರೆಸಾ ಆಗುವುದಿಲ್ಲ

ನರ್ಸರಿಯವರು ‘ಸ್ಥಳೀಯ ಲಂಟಾನ’ ಎಂದು ಕೊಟ್ಟ ಗಿಡದ ಹಣ್ಣುಗಳನ್ನು ಕೂಡಿಟ್ಟಿರುವುದಾಗಿಯೂ, ಅವುಗಳನ್ನು ಫ್ಲಾರಿಡಾದ ಅಟ್ಲಾಂಟಿಕ್ ದಡದ ಮರಳುದಿಬ್ಬಕ್ಕೆ ತಾಗಿರುವ ನಿಮ್ಮ ತೋಟದಲ್ಲಿ ಬಿತ್ತುವುದಾಗಿಯೂ ಬರೆದಿದ್ದೀರಿ. ದಯವಿಟ್ಟು ಬಿತ್ತಬೇಡಿ, ಅದು ನಿಜವಾದ ಸ್ಥಳೀಯ ಗಿಡವಾಗಿರದೆ ತೋಟದ ಲಂಟಾನವೋ ಮಿಶ್ರತಳಿಯೋ ಆಗಿರಬಹುದು. ಲಂಟಾನ ಡಿಪ್ರೆಸಾ ಫ್ಲಾರಿಡಾ ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯದ ಗಿಡ. ಅದರ ‘ಫ್ಲೊರಿಡಾನ’ ಎಂಬ ಒಳಬಗೆಯ ನೆಲೆಯೇ ನಿಮ್ಮ ಬದಿಯ ಮರಳುದಿಬ್ಬಗಳು. ತೋಟದ ಲಂಟಾನದ ಪರಾಗವನ್ನು ಚಿಟ್ಟೆಗಳು ಅದಕ್ಕೆ ಮುಟ್ಟಿಸುತ್ತವೆ, ಹುಟ್ಟಿದ ಮಿಶ್ರತಳಿಯ ಬೀಜವನ್ನು ಹಕ್ಕಿಗಳು ಹರಡುತ್ತವೆ.

ನೀವು ಕಳುಹಿಸಿದ ಗಿಡದ ಚಿತ್ರದಲ್ಲಿ ಹಳದಿ ಹೂವು ಮಾತ್ರ ಕಾಣುತ್ತಿದೆ. ನಾನು ಮೊದಲು ನೋಡುವುದು ಎಲೆಯ ಬುಡವನ್ನು. ಚಿಗುರೆಲೆಗಳನ್ನು ಬಿಟ್ಟು, ಕೊಂಬೆಯ ನಡುಭಾಗದ ಬಲಿತ ಎಲೆಗಳನ್ನು ಬೇರೆ ಬೇರೆ ಕೊಂಬೆಗಳಿಂದ ಕಿತ್ತು ಬಿಳಿ ಕಾಗದದ ಮೇಲೆ ಸಾಲಾಗಿ ಇಡಿ. ಡಿಪ್ರೆಸಾದ ಎಲೆ ಬುಡದತ್ತ ಕಿರಿದಾಗುತ್ತ ತೊಟ್ಟಿನಲ್ಲಿ ಸೇರಿಹೋಗುತ್ತದೆ. ತೋಟಗಳಿಂದ ಹೊರಬಿದ್ದು ಹರಡುವ ಹೊರಗಿನ ಲಂಟಾನವಾದ ಸ್ಟ್ರಿಗೊಕಮಾರಾದ ಎಲೆ ಅಗಲವಾಗಿಯೇ ಬಂದು ತೊಟ್ಟಿನ ಬಳಿ ಕತ್ತರಿಸಿದಂತೆ ನಿಲ್ಲುತ್ತದೆ. ಹಳದಿ ಹೂವು ವಯಸ್ಸಾದಂತೆ ಗುಲಾಬಿಗೆ ತಿರುಗಿದರಂತೂ ಅನುಮಾನವೇ ಬೇಡ, ಅದು ಡಿಪ್ರೆಸಾ ಅಲ್ಲ. ಆದರೆ ಈ ಪರೀಕ್ಷೆಯಿಂದ ಗಿಡವನ್ನು ತಿರಸ್ಕರಿಸಬಹುದೇ ಹೊರತು ಶುದ್ಧವೆಂದು ಖಾತ್ರಿಪಡಿಸಲಾಗದು, ಏಕೆಂದರೆ ಮಿಶ್ರತಳಿ ಮತ್ತೆ ಡಿಪ್ರೆಸಾದೊಡನೆಯೇ ಕೂಡಿದಾಗ ಹುಟ್ಟುವ ಗಿಡ ನೋಟಕ್ಕೆ ಬಹುಮಟ್ಟಿಗೆ ಮೂಲದಂತೆಯೇ ಇರುತ್ತದೆ. ಗಿಡ ಅಸಲಿಯೇ ಆಗಿದ್ದರೂ ಬೇಲಿಯಾಚೆ ತೋಟದ ಲಂಟಾನ ಇದ್ದರೆ ಅದರ ಬೀಜವನ್ನು ನಂಬುವಂತಿಲ್ಲ. ಮೂಲ ಗೊತ್ತಿರುವ ತಾಯಿಗಿಡದ ಕಟಿಂಗ್‌ನಿಂದಲೇ ಸಸಿ ಮಾಡಬೇಕು. ಹಾಗೆಂದು ದಿಬ್ಬದ ಗಿಡಕ್ಕೆ ಕತ್ತರಿ ಹಾಕಬೇಡಿ. ರಾಜ್ಯದ ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿರುವುದರಿಂದ ಜಮೀನಿನ ಒಡೆಯರ ಒಪ್ಪಿಗೆಯ ಜೊತೆಗೆ ರಾಜ್ಯದ ಪರವಾನಗಿಯೂ ಬೇಕು.

‘ಗೋಲ್ಡ್ ಮೌಂಡ್’, ‘ನ್ಯೂ ಗೋಲ್ಡ್’ ಹಳದಿಯಾಗಿ ತಗ್ಗಿಗೆ ಹರಡಿಕೊಂಡರೂ ತೋಟದ ತಳಿಗಳೇ. ಕಾಯಿ ಕಟ್ಟುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ಈ ವೇದಿಕೆಯಲ್ಲಿ ಕೆಲವರು ಪದೇ ಪದೇ ಬರೆಯುವುದನ್ನು ನಿಲ್ಲಿಸಬೇಕು: ಕಾಯಿ ಬಿಡದ ಗಿಡದಲ್ಲೂ ಜೀವವಿರುವ ಪರಾಗ ಇರಬಹುದು, ಡಿಪ್ರೆಸಾವನ್ನು ಕೆಡಿಸಲು ಅಷ್ಟೇ ಸಾಕು. ಲಂಟಾನವೇ ಬೇಕೆನ್ನುವವರಿಗೆ ಫ್ಲಾರಿಡಾ ವಿಶ್ವವಿದ್ಯಾಲಯ ರೂಪಿಸಿದ ‘ಬ್ಲೂಮಿಫೈ ರೆಡ್’ ಮತ್ತು ‘ಬ್ಲೂಮಿಫೈ ರೋಸ್’ ಎಂಬ, ಕಾಯಿಯಷ್ಟೇ ಅಲ್ಲದೆ ಪರಾಗವೂ ಬಹುಮಟ್ಟಿಗೆ ಬಂಜೆಯಾದ ತಳಿಗಳನ್ನು ಮಾತ್ರ ನಾನು ಸೂಚಿಸುತ್ತೇನೆ. ಇದೇ ಎಚ್ಚರ ಮರಳುದಿಬ್ಬದ ಸ್ಥಳೀಯ ಸೂರ್ಯಕಾಂತಿಗೂ ಬೇಕು: ಅದನ್ನು ಕೊಳ್ಳುವಾಗಲೂ ಪೂರ್ವ ದಡದ್ದೋ ಪಶ್ಚಿಮ ದಡದ್ದೋ ಎಂದು ಕೇಳಿಯೇ ಕೊಳ್ಳಿ. ಆ ಉಪಪ್ರಭೇದಗಳೂ ಒಂದಕ್ಕೊಂದು ಬೆರೆಯುತ್ತವೆ. ಈಗ ಕೂಡಿಟ್ಟಿರುವ ಹಣ್ಣುಗಳನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡಿ.