ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ: ಸೇರುವ ಮುನ್ನ

ಪ್ರಶ್ನೆ: ಪದವಿ ಈಗಷ್ಟೇ ಮುಗಿದಿದೆ. ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿಗೆ ಕೂಡಲೇ ಸೇರಲೇ, ಕೆಲಸ ಮಾಡಿ ಆಮೇಲೆ ಸೇರಲೇ?

ಉತ್ತರ: ಈ ಪ್ರಶ್ನೆ ಬರದ ತಿಂಗಳಿಲ್ಲ, ಕೇಳುವವರಲ್ಲಿ ಹೆಚ್ಚಿನವರು ‘ಕೂಡಲೇ ಸೇರಿ’ ಎಂಬ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳುತ್ತಾರೆ. ನಾನು ಹಾಗೆ ಹೇಳಲಾರೆ. ಎರಡು ಮೂರು ವರ್ಷ ಸರ್ಕಾರಿ ಕಚೇರಿಯಲ್ಲೋ ಸ್ಥಳೀಯ ಸಂಸ್ಥೆಯಲ್ಲೋ ಸ್ವಯಂಸೇವಾ ಸಂಸ್ಥೆಯಲ್ಲೋ ದುಡಿದು ಬನ್ನಿ. ಈ ಶಿಕ್ಷಣ ಬೆಳೆದದ್ದೇ ಕಚೇರಿಯ ಲೆಕ್ಕಪತ್ರಗಳ ನಡುವೆ: ನ್ಯೂಯಾರ್ಕ್ ನಗರಾಡಳಿತವನ್ನು ಪರಿಶೀಲಿಸುತ್ತಿದ್ದ ಸಂಶೋಧನಾ ಸಂಸ್ಥೆಯೊಂದು 1911ರಲ್ಲಿ ತೆರೆದ ತರಬೇತಿ ಶಾಲೆಯೇ 1924ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ಸೇರಿ ಅಲ್ಲಿನ ಸ್ನಾತಕೋತ್ತರ ಶಿಕ್ಷಣಕ್ಕೆ ತಳಹದಿಯಾಯಿತು.

ಆಯವ್ಯಯದ ತರಗತಿಯಲ್ಲಿ ನೀರು ಸರಬರಾಜು ವಿಭಾಗವೊಂದರ ಖರ್ಚಿನ ಪಟ್ಟಿಯನ್ನು ಮುಂದಿಟ್ಟರೆ ನಾನು ಹೇಳುವ ವ್ಯತ್ಯಾಸ ಎದ್ದು ಕಾಣುತ್ತದೆ. ಕೊಳವೆ ದುರಸ್ತಿಗೆ ಕೊಟ್ಟ ಅನುದಾನದಲ್ಲಿ ವರ್ಷದ ಬಹುಪಾಲು ಕಾಲ ಅರ್ಧವೂ ಖರ್ಚಾಗದೆ, ಕೊನೆಯ ತಿಂಗಳಲ್ಲಿ ಮಿಕ್ಕದ್ದೆಲ್ಲ ಒಮ್ಮೆಲೇ ಖರ್ಚಾಗಿದೆ ಎಂದಿಟ್ಟುಕೊಳ್ಳಿ. ಕಾಲೇಜಿನಿಂದ ನೇರವಾಗಿ ಬಂದವರು ‘ಭ್ರಷ್ಟಾಚಾರ’ ಎಂದು ಬರೆದು ಉತ್ತರ ಮುಗಿಸುತ್ತಾರೆ. ಕಚೇರಿಯಲ್ಲಿ ದುಡಿದವರು, ಟೆಂಡರ್ ಕರೆದದ್ದು ಯಾವಾಗ, ಅಂದಾಜುಪಟ್ಟಿಗೆ ಸಹಿ ಹಾಕಬೇಕಾದ ಎಂಜಿನಿಯರ್ ಹುದ್ದೆ ಖಾಲಿಯಿತ್ತೇ, ಉಳಿದ ಹಣ ವರ್ಷಾಂತ್ಯಕ್ಕೆ ಖಜಾನೆಗೆ ಮರಳುವ ನಿಯಮವಿದೆಯೇ ಎಂದು ಕೇಳುತ್ತಾರೆ. ಭ್ರಷ್ಟಾಚಾರವೂ ಇದ್ದೀತು, ಆದರೆ ಈ ಪ್ರಶ್ನೆಗಳನ್ನು ಕೇಳದೆ ಅದನ್ನು ತೋರಿಸಿಕೊಡಲು ಬಾರದು.

ಮೊದಲು ಕೆಲಸ ಹುಡುಕುವ ಅನುಕೂಲ ಇಲ್ಲದವರು ಇಂಟರ್ನ್‌ಶಿಪ್ ಕಡ್ಡಾಯವಾಗಿರುವ, ಸಂಖ್ಯಾಶಾಸ್ತ್ರವನ್ನೂ ಆಯವ್ಯಯವನ್ನೂ ಐಚ್ಛಿಕವೆಂದು ಬದಿಗೊತ್ತದ ವಿಭಾಗವನ್ನೇ ಆರಿಸಿಕೊಳ್ಳಲಿ. ಸಾಲ ಮಾಡಿ ಸೇರುವವರಂತೂ ಹಿಂದಿನ ತಂಡಗಳಲ್ಲಿ ಓದಿದವರು ಈಗ ಎಲ್ಲಿ ಯಾವ ಹುದ್ದೆಯಲ್ಲಿದ್ದಾರೆ ಎಂಬುದನ್ನು ಅವರಿಂದಲೇ ತಿಳಿಯದೆ ಶುಲ್ಕ ಕಟ್ಟಬಾರದು. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವನು ಎಂದರೂ ಸರಿಯೇ.

ಪ್ರಶ್ನೆ: ಸಾರ್ವಜನಿಕ ನೀತಿಯ ಪದವಿಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಅಲ್ಲಿ ನೀತಿಯ ವಿಶ್ಲೇಷಣೆಗೆ ಒತ್ತು, ಇಲ್ಲಿ ಅದನ್ನು ನಡೆಸುವುದಕ್ಕೆ, ಹೆಸರನ್ನು ಬಿಟ್ಟು ಪಠ್ಯಕ್ರಮ ಓದಿ.

ಪ್ರಶ್ನೆ: ಗಣಿತವೆಂದರೆ ಭಯ. ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ, ಕಲಿಯಿರಿ.

ಪ್ರಶ್ನೆ: ಪದವಿ ಪಡೆದರೆ ಸರ್ಕಾರಿ ಕೆಲಸ ಖಚಿತ ಎಂದು ಪ್ರವೇಶ ಕೊಡಿಸುವವರೊಬ್ಬರು ಹೇಳಿದ್ದಾರೆ. ನಂಬಬಹುದೇ?

ಉತ್ತರ: ಖಂಡಿತ ನಂಬಬೇಡಿ. ನೇಮಕಾತಿಗೆ ಅದರದೇ ಪರೀಕ್ಷೆ, ಅದರದೇ ನಿಯಮಗಳಿವೆ; ಪದವಿ ಅವನ್ನು ದಾಟಿಸುವುದಿಲ್ಲ. ಹೀಗೆ ಭರವಸೆ ಮಾರುವವರೂ, ಹಣ ಪಡೆದು ನಿಮ್ಮ ಪರವಾಗಿ ಅರ್ಜಿಯ ಪ್ರಬಂಧ ಬರೆದುಕೊಡುವವರೂ ಶುದ್ಧ ವಂಚಕರು. ಅವರಿಗೆ ಈಗಾಗಲೇ ಮುಂಗಡ ಕೊಟ್ಟಿದ್ದರೆ ಇಂದೇ ಲಿಖಿತವಾಗಿ ವಾಪಸು ಕೇಳಿ, ರಸೀದಿಯನ್ನು ಜೋಪಾನವಾಗಿಡಿ.